ತಿದ್ದಿ ಕಲಿಯುವ ರೇಖೆ

ಕನ್ನಡದ ‘ತಿದ್ದು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ತಪ್ಪನ್ನು ಸರಿಪಡಿಸುವುದು ಒಂದು; ಬರೆದಿಟ್ಟ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಕೈಯಾಡಿಸಿ ಅದರ ರೂಪವನ್ನು ವಶಮಾಡಿಕೊಳ್ಳುವುದು ಇನ್ನೊಂದು. ಹಿಂದಿನ ಅಯ್ಯಗಳ ಮಠಗಳಲ್ಲಿ ಮರಳು ಹರಡಿ, ಗುರುಗಳು ಬರೆದ ಅಕ್ಷರದ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಆ ಮಗು ನಕಲು ಮಾಡುತ್ತಿದೆಯೆಂದು ಯಾರೂ ಆಕ್ಷೇಪಿಸಿದ್ದಿಲ್ಲ. ಆದರೆ ಛಾಯಾಚಿತ್ರವೊಂದನ್ನು ಗಣಕದ ತೆರೆಯ ಮೇಲಿರಿಸಿಕೊಂಡು, ಅದರ ಮೇಲೆ ರೇಖೆಯೆಳೆದು ಚಿತ್ರ ಕಲಿಯುವ ಹುಡುಗನನ್ನು ಕಂಡಾಗ ಮಾತ್ರ ‘ಇದೆಂಥ ಚಿತ್ರಕಲೆ, ಬರಿಯ ಪಡಿಯಚ್ಚು’ ಎಂಬ ಮಾತು ಹಿರಿಯರಿಂದ ಬರುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದೆಂಬುದು ವಿಚಾರಾರ್ಹವಾದ ಸಂಗತಿ.

ಗಣಕದಲ್ಲಿ ಚಿತ್ರವನ್ನು ಇರಿಸುವ ಕ್ರಮಗಳು ಎರಡು. ಛಾಯಾಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚೌಕಗಳ ರಾಶಿ. 600 ಚೌಕ ಅಗಲ, 800 ಚೌಕ ಎತ್ತರದ ಚಿತ್ರದಲ್ಲಿ 4,80,000 ಚೌಕಗಳಿರುತ್ತವೆ; ಒಂದೊಂದಕ್ಕೂ ಒಂದೊಂದು ಬಣ್ಣ. ಇದನ್ನು ಭಿತ್ತಿಯಷ್ಟು ಹಿಗ್ಗಿಸಿದರೆ ಮುಖವು ಮಾಯವಾಗಿ ಚೌಕಗಳೇ ಉಳಿಯುತ್ತವೆ. ಎರಡನೆಯದು ವೆಕ್ಟರ್ ಚಿತ್ರ. ಇಲ್ಲಿ ಚೌಕಗಳಿಲ್ಲ, ರೇಖೆ ಎಲ್ಲಿ ಹುಟ್ಟಿ, ಯಾವ ಕಡೆಗೆ ಬಾಗಿ, ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ಮಾತ್ರ ಇರುತ್ತದೆ. ಅಂಚೆಚೀಟಿಯಷ್ಟು ಕಿರಿದಾಗಿಸಿದರೂ ಹೆಬ್ಬಾಗಿಲಿನಷ್ಟು ಹಿರಿದಾಗಿಸಿದರೂ ಲೆಕ್ಕ ಕೆಡದು, ಆದ್ದರಿಂದ ರೇಖೆಯ ಅಂಚೂ ಕೆಡದು.

ಈ ಲೆಕ್ಕ ಚಿತ್ರಶಾಲೆಯಲ್ಲಿ ಹುಟ್ಟಿದುದಲ್ಲ, ಮೋಟಾರು ಕಾರಖಾನೆಯಲ್ಲಿ ಹುಟ್ಟಿದುದೆಂಬುದು ಸ್ವಾರಸ್ಯದ ವಿಷಯ. ಫ್ರಾನ್ಸ್ ದೇಶದ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್ಜೋ ಎಂಬ ಗಣಿತಜ್ಞರು 1959ರಲ್ಲಿ ಇದನ್ನು ಕಂಡುಕೊಂಡರು. ಕಂಪನಿಯು ಅದನ್ನು ಗುಟ್ಟಾಗಿ ಇಟ್ಟಿತು. ರೆನೋ ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೇ (1910–1999) ಅವರು ಸ್ವತಂತ್ರವಾಗಿ ಇದೇ ಹಾದಿಯಲ್ಲಿ ನಡೆದು, 1960ರ ದಶಕದಲ್ಲಿ ಅದನ್ನು ಪ್ರಕಟಿಸಿದರು. ಹೀಗಾಗಿ ಹೆಸರು ಬೆಜಿಯೇ ಅವರದಾಯಿತು. ಕಾರಿನ ಮೈಯ ನುಣುಪಾದ ಬಾಗನ್ನು ಯಂತ್ರಕ್ಕೆ ಅಂಕಿಗಳಲ್ಲಿ ತಿಳಿಸುವುದು ಅವರ ಅಗತ್ಯವಾಗಿತ್ತು. 1980ರ ದಶಕದಲ್ಲಿ ಅದೇ ವಿಧಾನ ಮುದ್ರಣಕ್ಕೆ ಬಂದಿತು; 1987ರಲ್ಲಿ ಅಡೋಬಿ ಇಲ್ಲಸ್ಟ್ರೇಟರ್ ಹೊರಬಂದಿತು. 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದರಿಂದ ಬಡ ವಿದ್ಯಾರ್ಥಿಗೂ ಈ ವಿದ್ಯೆ ನಿಲುಕುವಂತಾಗಿದೆ.

ಬೆಜಿಯೇ ರೇಖೆಯ ಸ್ವರೂಪ ಸರಳವಾದುದು. ಎರಡು ತುದಿಗಳಲ್ಲಿ ಎರಡು ಆಧಾರಬಿಂದುಗಳು. ಒಂದೊಂದು ಬಿಂದುವಿನಿಂದ ಹೊರಟ ಒಂದೊಂದು ಹಿಡಿಕೆ. ಹಿಡಿಕೆಯನ್ನು ಎಳೆದ ದಿಕ್ಕಿಗೆ ರೇಖೆ ಹೊರಡುತ್ತದೆ. ಹೆಚ್ಚು ಎಳೆದಷ್ಟೂ ಆ ದಿಕ್ಕಿನಲ್ಲಿ ಹೆಚ್ಚು ದೂರ ಸಾಗಿ ಬಾಗುತ್ತದೆ. ಇಷ್ಟೇ ಇದರ ವ್ಯಾಕರಣ. ಆದರೆ ಸೂತ್ರ ಬಾಯಿಗೆ ಬಂದ ಮಾತ್ರಕ್ಕೆ ಪ್ರಯೋಗ ಕೈಗೆ ಬರುವುದಿಲ್ಲವೆಂಬುದನ್ನು ಸಂಧಿಪ್ರಕರಣ ಕಲಿಸಿದ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ.

ವಚನ ಪಿತಾಮಹರೆಂದು ಪ್ರಸಿದ್ಧರಾದ ಫ. ಗು. ಹಳಕಟ್ಟಿಯವರ (1880–1964) ಭಾವಚಿತ್ರವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಅಭ್ಯಾಸಕ್ಕೆ ಆರಿಸಿಕೊಂಡನೆಂದು ಭಾವಿಸಬಹುದು. ರುಮಾಲು ಸುತ್ತಿದ ಆ ಮುಖ ಕನ್ನಡಿಗರಿಗೆ ಪರಿಚಿತವಾದುದು. ಅಭ್ಯಾಸಿಯು ಮೊದಲು ಛಾಯಾಚಿತ್ರವನ್ನು ಒಂದು ಪದರದಲ್ಲಿರಿಸಿ, ಅದನ್ನು ಅರ್ಧದಷ್ಟು ಮಸುಕು ಮಾಡಿ, ಅಲುಗಾಡದಂತೆ ಬೀಗ ಹಾಕುತ್ತಾನೆ. ಮೇಲೊಂದು ಬರಿದಾದ ಪದರವನ್ನು ತೆರೆದು ರೇಖೆ ಎಳೆಯಲಾರಂಭಿಸುತ್ತಾನೆ. ಅವನ ಮೊದಲ ತಪ್ಪು ಭಕ್ತಿಯ ತಪ್ಪು. ರುಮಾಲಿನ ಒಂದೇ ಅಂಚಿಗೆ ಮೂವತ್ತು ಬಿಂದುಗಳನ್ನು ಒತ್ತೊತ್ತಾಗಿ ಇಡುತ್ತಾನೆ. ಬಿಂದು ಹೆಚ್ಚಿದಷ್ಟೂ ಮೂಲಕ್ಕೆ ನಿಷ್ಠೆ ಹೆಚ್ಚೀತೆಂಬುದು ಅವನ ನಂಬಿಕೆ. ಫಲವು ವಿಪರೀತವಾಗುತ್ತದೆ. ಪ್ರತಿ ಬಿಂದುವಿನಲ್ಲೂ ಕೈಯ ನಡುಕ ದಾಖಲಾಗಿ, ನಯವಾದ ಬಟ್ಟೆಯ ಅಂಚು ಗರಗಸದ ಹಲ್ಲಾಗುತ್ತದೆ.

ಇಲ್ಲಿಂದ ನಿಜವಾದ ಪಾಠ ಮೊದಲಾಗುತ್ತದೆ. ಬಿಂದುವನ್ನು ಎಲ್ಲೆಂದರಲ್ಲಿ ಇಡಬಾರದು. ಬಾಗು ತನ್ನ ತುತ್ತತುದಿಯನ್ನು ಮುಟ್ಟುವಲ್ಲಿ, ಎಂದರೆ ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ತಲಪುವಲ್ಲಿ ಇಡಬೇಕು. ಕನ್ನಡದ ಅನುಸ್ವಾರವನ್ನು ಉದಾಹರಣೆಗೆ ತೆಗೆದುಕೊಂಡರೆ, ಆ ಸೊನ್ನೆಯ ಹೊರಸುತ್ತಿಗೆ ನಾಲ್ಕು ಬಿಂದುಗಳು, ಒಳಸುತ್ತಿಗೆ ನಾಲ್ಕು. ಒಟ್ಟು ಎಂಟರಲ್ಲಿ ಅಕ್ಷರ ಮುಗಿಯುತ್ತದೆ. ಸುತ್ತು ವೃತ್ತಾಕಾರವಾಗಬೇಕಾದರೆ ಹಿಡಿಕೆಯ ಉದ್ದ ತ್ರಿಜ್ಯದ 0.55ರಷ್ಟು ಇರಬೇಕು. ಬೆಜಿಯೇ ರೇಖೆಯಿಂದ ಪರಿಪೂರ್ಣ ವೃತ್ತ ಎಂದಿಗೂ ಆಗದು ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. ಒಂದು ಮೀಟರ್ ತ್ರಿಜ್ಯದ ವೃತ್ತದಲ್ಲಿ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಕಣ್ಣಿಗೆ ಅದು ಕಾಣದು. ಸೊನ್ನೆ ಸೊನ್ನೆಯಾಗಿಯೇ ತೋರುತ್ತದೆ. ಇಂದು ಗಣಕದಿಂದ ಅಚ್ಚಾಗುವ ಕನ್ನಡ ಅಕ್ಷರಗಳ ಹೊರಗೆರೆಗಳೆಲ್ಲ ಇಂಥ ಬಿಂದು ಹಿಡಿಕೆಗಳ ಲೆಕ್ಕದಲ್ಲಿಯೇ ಅಡಗಿವೆ.

ಬಿಂದುಗಳಲ್ಲಿಯೂ ಎರಡು ಬಗೆ. ಎರಡು ಹಿಡಿಕೆಗಳು ಒಂದೇ ನೇರದಲ್ಲಿದ್ದರೆ ರೇಖೆ ತಡೆಯಿಲ್ಲದೆ ಹರಿಯುತ್ತದೆ. ಹಿಡಿಕೆಗಳನ್ನು ಬೇರ್ಪಡಿಸಿದರೆ ಅಲ್ಲಿ ಮೂಲೆ ಮುರಿಯುತ್ತದೆ. ಗಲ್ಲದ ಬಾಗಿಗೆ ಮೊದಲನೆಯದು, ಕೋಟಿನ ಕೊರಳಪಟ್ಟಿಯ ಮೊನೆಗೆ ಎರಡನೆಯದು. ಹಾವಿನಂತೆ ಎರಡು ತಿರುವುಳ್ಳ ಮಡಿಕೆಗೂ ಎರಡೇ ಬಿಂದುಗಳು ಸಾಕೆಂದು ತಿಳಿದ ದಿನ ಅಭ್ಯಾಸಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ಹೊರಗೆರೆ ಸಾಧಿಸಿದ ಮೇಲೆ ನೆರಳಿನ ಪ್ರಶ್ನೆ ಎದುರಾಗುತ್ತದೆ. ಛಾಯಾಚಿತ್ರದಲ್ಲಿ ಬೆಳಕಿನಿಂದ ಕತ್ತಲೆಗೆ ಲೆಕ್ಕವಿಲ್ಲದಷ್ಟು ಮೆಟ್ಟಿಲುಗಳಿವೆ. ಚಿತ್ರಕ್ಕೆ ಮೂರು ಅಥವಾ ನಾಲ್ಕು ಸಾಕು. ಕಣ್ಣನ್ನು ಅರೆ ಮುಚ್ಚಿ ನೋಡಿದರೆ ಸಣ್ಣ ವಿವರಗಳು ಅಳಿಸಿಹೋಗಿ, ದೊಡ್ಡ ನೆರಳುಗಳ ಆಕಾರ ಮಾತ್ರ ನಿಲ್ಲುತ್ತದೆ. ಆ ಆಕಾರಗಳನ್ನೇ ಬರೆಯಬೇಕು. ಬಿಟ್‌ಮ್ಯಾಪನ್ನು ತಾನೇ ರೇಖೆಯಾಗಿಸುವ ಸೌಕರ್ಯ ತಂತ್ರಾಂಶದಲ್ಲಿದೆ. ಒಂದು ಗುಂಡಿ ಒತ್ತಿದರೆ ಕೆಲಸ ಮುಗಿದಂತೆ ತೋರುತ್ತದೆ. ಆದರೆ ಯಂತ್ರವು ಅರಿಯುವುದು ಬಣ್ಣಗಳ ಅಂತರವನ್ನು ಮಾತ್ರ. ಹಳೆಯ ಕಾಗದದ ಕಲೆ, ಮೂಗಿನ ನೆರಳು, ಹುಬ್ಬು ಇವು ಮೂರೂ ಅದಕ್ಕೆ ಒಂದೇ. ಮೂರಕ್ಕೂ ಸಮಾನ ಗೌರವ ಸಲ್ಲಿಸಿ ನೂರಾರು ಬಿಂದುಗಳನ್ನು ಚೆಲ್ಲುತ್ತದೆ. ‘ಬರಿಯ ಪಡಿಯಚ್ಚು’ ಎಂಬ ಹಿರಿಯರ ಆಕ್ಷೇಪ ಪೂರ್ಣವಾಗಿ ಸಲ್ಲುವುದು ಇಂಥ ಚಿತ್ರಕ್ಕೆ. ಕೈಯಿಂದ ತಿದ್ದುವವನು ಹಾಗಲ್ಲ. ಕಲೆಯನ್ನು ಬಿಟ್ಟು ಹುಬ್ಬನ್ನು ಉಳಿಸಬೇಕೆಂದು ಪ್ರತಿ ಹೆಜ್ಜೆಯಲ್ಲೂ ನಿರ್ಣಯಿಸಬೇಕಾಗುತ್ತದೆ. ಹಳಕಟ್ಟಿಯವರ ಚಿತ್ರವೇ ಮುಂದಿರುವಾಗ ಅವರ ಕಾರ್ಯವು ನೆನಪಿಗೆ ಬರುವುದು ಸಹಜ. ಮನೆಮನೆಗಳಿಂದ ಸಂಗ್ರಹಿಸಿದ ತಾಳೆಗರಿಗಳನ್ನು ಪ್ರತಿಮಾಡಿ, ಪರಿಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದವರು ಅವರು. ಗರಿಯ ಹುಳುಕನ್ನು ಅಕ್ಷರವೆಂದು ಓದುವ ಲಿಪಿಕಾರನಿಗೂ ಆ ಯಂತ್ರಕ್ಕೂ ಹೆಚ್ಚಿನ ಅಂತರವಿಲ್ಲ.

ಕಣ್ಣು ಮತ್ತು ಬಾಯಿಯ ಮೂಲೆಗಳಲ್ಲಿ ಅಭ್ಯಾಸಿಯು ಅತ್ಯಂತ ಎಚ್ಚರದಿಂದಿರಬೇಕು. ಕೋಟಿನ ಅಂಚು ಬೆರಳಗಲ ಸರಿದರೆ ಯಾರೂ ಗಮನಿಸರು. ಕಣ್ಣ ರೆಪ್ಪೆ ಕೂದಲೆಳೆಯಷ್ಟು ಸರಿದರೆ ಬೇರೊಬ್ಬ ಮನುಷ್ಯ ಹುಟ್ಟುತ್ತಾನೆ. ಬಸವಣ್ಣನವರ ಕಾಲದಲ್ಲಿ ಛಾಯಾಚಿತ್ರವಿರಲಿಲ್ಲವಾಗಿ ಅವರಿಗೆ ಚಿತ್ರಕಾರರು ತಮ್ಮ ತಮ್ಮ ಭಾವನೆಯಂತೆ ಮುಖ ಕೊಟ್ಟಿದ್ದಾರೆ. ಅಲ್ಲಿ ಸರಿತಪ್ಪಿನ ಮಾತಿಲ್ಲ. ಹಳಕಟ್ಟಿಯವರ ವಿಷಯ ಹಾಗಲ್ಲ. ಅವರನ್ನು ಕಣ್ಣಾರೆ ಕಂಡವರು ದಿನೇ ದಿನೇ ವಿರಳರಾಗುತ್ತಿದ್ದಾರೆ. ಶಾಲೆಯ ಗೋಡೆಯ ಮೇಲೆ ಆರಡಿ ಎತ್ತರಕ್ಕೆ ಏರಲಿರುವ ಈ ರೇಖೆಗಳೇ ನಾಳಿನ ಮಕ್ಕಳಿಗೆ ಅವರ ಮುಖವಾಗುತ್ತವೆ. ಹುಡುಗನು ಹಗುರವಾಗಿ ಎಳೆದ ತುಟಿಯ ಗೆರೆಯೊಂದು ಆ ಹಿರಿಯರ ಗಾಂಭೀರ್ಯವನ್ನು ಸಿಡುಕಾಗಿಸಿದರೆ ಅದನ್ನು ಅಲ್ಲಗಳೆಯಲು ಯಾರೂ ಉಳಿದಿರುವುದಿಲ್ಲ.

ಆದಕಾರಣ ಕೆಳಗಿನ ಪದರವನ್ನು ಆಗಾಗ ಮರೆಮಾಡಿ ನೋಡುವುದು ಅವಶ್ಯ. ಛಾಯಾಚಿತ್ರ ಕಾಣುತ್ತಿರುವವರೆಗೆ ಪ್ರತಿ ಗೆರೆಯೂ ಸರಿಯೆಂದೇ ತೋರುತ್ತದೆ; ಮೂಲದ ಜೀವವನ್ನು ರೇಖೆಯ ಜೀವವೆಂದು ಕಣ್ಣು ಭ್ರಮಿಸುತ್ತದೆ. ಮರೆಮಾಡಿದೊಡನೆ ಕಿವಿ ತೇಲುತ್ತಿರುವುದೂ ಮೂಗಿಗೆ ಬುಡವಿಲ್ಲದಿರುವುದೂ ಗೋಚರಿಸುತ್ತವೆ. ಆಗ ತಿದ್ದುವುದು ಎರಡನೆಯ ಅರ್ಥವನ್ನು ಬಿಟ್ಟು ಮೊದಲನೆಯ ಅರ್ಥಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಕುಳಿತ ಅಧ್ಯಾಪಕರು ಮೌಸ್ ಕಸಿದು ತಾವೇ ಗೆರೆ ಎಳೆಯದಿರುವುದು ಒಳಿತು. ‘ಪದರ ಮುಚ್ಚಿ ನೋಡಪ್ಪಾ’ ಎಂದಷ್ಟು ಹೇಳಿದರೆ ಸಾಕು.

ಪರರು ತೆಗೆದ ಛಾಯಾಚಿತ್ರವನ್ನು ತಿದ್ದಿ ಪ್ರಕಟಿಸುವಾಗ ಹಕ್ಕಿನ ವಿಚಾರವೂ ಉಂಟು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಭಾರತದಲ್ಲಿ ಛಾಯಾಚಿತ್ರದ ಸ್ವಾಮ್ಯ ಛಾಯಾಗ್ರಾಹಕರ ಜೀವಿತಕಾಲವೂ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷವೂ ಇರುತ್ತದೆ. ಅಭ್ಯಾಸಕ್ಕೆ ತಾನೇ ತೆಗೆದ ಚಿತ್ರವಾದರೆ ಈ ತೊಡಕಿಲ್ಲ.

ಒಂದು ತಿಂಗಳ ತರುವಾಯ ಅದೇ ವಿದ್ಯಾರ್ಥಿಯು ತನ್ನ ಅಜ್ಜನನ್ನು ಅಂಗಳದಲ್ಲಿ ಕೂರಿಸಿ, ತಾನೇ ತೆಗೆದ ಚಿತ್ರವನ್ನು ತೆರೆಯ ಮೇಲಿರಿಸುತ್ತಾನೆ. ಅಲ್ಲಿಯೂ ರುಮಾಲುಂಟು. ಈ ಸಲ ಅವನು ಮೌಸನ್ನು ಮುಟ್ಟದೆ ಬಹಳ ಹೊತ್ತು ಸುಮ್ಮನೆ ನೋಡುತ್ತಾನೆ. ಬಳಿಕ ಅಂಚಿಗೆ ಐದು ಬಿಂದುಗಳನ್ನು ಇಡುತ್ತಾನೆ, ಒಂದನ್ನು ಅಳಿಸುತ್ತಾನೆ.