ಐನೂರು ಕಿಲೋಮೀಟರ್‌ಗೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್

ನಾವು ಮೂವರು ರೂಮ್‌ಮೇಟ್ಸ್. ಒಬ್ಬ ಯಾದಗಿರಿ, ಒಬ್ಬ ಶಹಾಪುರ, ಒಬ್ಬ ಸುರಪುರ. ಬೆಂಗಳೂರಿನಿಂದ ಊರಿಗೆ ಸುಮಾರು 500 ಕಿ.ಮೀ. ಹಬ್ಬ ಬಂತು ಅಂದ್ರೆ ಬಸ್ಸಲ್ಲಿ ಸೀಟಿಲ್ಲ, ಟ್ರೈನಲ್ಲಿ ವೇಟಿಂಗ್ ಲಿಸ್ಟ್. ಹಿರಿಯೂರಿನಿಂದ ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು ಹಾದು ಸುರಪುರದವರೆಗೆ ಒಂದೇ ಹೆದ್ದಾರಿ, 150ಎ. ಅದರ ಮೇಲೆ ನಮ್ಮದೇ ಗಾಡಿಯಲ್ಲಿ ಹೋಗಬೇಕು ಅನ್ನೋದು ಫಸ್ಟ್ ಇಯರ್‌ನಿಂದಲೂ ಇದ್ದ ಆಸೆ. ಈ ಸಂಕ್ರಾಂತಿಗೆ ಸುರಪುರದವನ ಅಪ್ಪ ಹತ್ತಿ ಮಾರಿದ ದುಡ್ಡಲ್ಲಿ ಒಂದೂವರೆ ಲಕ್ಷ ತೆಗೆದು ಕೊಟ್ಟರು. "ಇದೊಂದೇ ಸಲ. ಕೆಟ್ಟ ಗಾಡಿ ತಂದಿ ಅಂದ್ರ ಮತ್ತ ನನ್ನ ಕೇಳಬ್ಯಾಡ" ಅಂದರು. ಹಾಸ್ಟೆಲ್‌ನಲ್ಲಿ ಇನ್ನೂ ನಾಲ್ಕೈದು ಜನ ಹಳೇ ಟೂರಿಂಗ್ ಬೈಕ್ ಹುಡುಕ್ತಿದ್ದಾರೆ, ಅದಕ್ಕೇ ನಾವು ಕಲಿತದ್ದನ್ನು ಬರೀತಾ ಇದ್ದೀವಿ.

ಎಲ್ಲರ ಹಾಗೆ ನಾವೂ ಹಾರ್ಸ್‌ಪವರ್‌ನಿಂದಲೇ ಶುರು ಮಾಡಿದ್ವಿ. ಇಂಟರ್‌ಸೆಪ್ಟರ್ 650ಗೆ 47, ಕೆಟಿಎಂ 390 ಅಡ್ವೆಂಚರ್‌ಗೆ 43ರ ಹತ್ತಿರ, 2019ರ ನಂತರದ ಡಾಮಿನಾರ್ 400ಗೆ 40ರ ಹತ್ತಿರ, ಹಿಮಾಲಯನ್ 411ಗೆ ಬರೀ 24. ಲಿಸ್ಟ್ ನೋಡಿದ್ರೆ ಹಿಮಾಲಯನ್ ಲಾಸ್ಟ್ ಬೆಂಚ್. ಆದರೆ ಒಂದು ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂತಾಗ ಬೇರೆಯೇ ಕಾಣಿಸ್ತು. ಗಾಳಿಯನ್ನು ತಳ್ಳೋಕೆ ಬೇಕಾದ ಪವರ್ ಅಂದ್ರೆ ಗಾಳಿಯ ಸಾಂದ್ರತೆಯ ಅರ್ಧ, ಅದಕ್ಕೆ ಡ್ರ್ಯಾಗ್ ಏರಿಯಾ, ಅದಕ್ಕೆ ವೇಗದ ಘನ ಗುಣಿಸಬೇಕು. ಸಾಂದ್ರತೆ 1.15, ನೆಟ್ಟಗೆ ಕೂತ ಸವಾರನ ಡ್ರ್ಯಾಗ್ ಏರಿಯಾ 0.6 ಚದರ ಮೀಟರ್ ಅಂತ ಹಿಡಿದ್ವಿ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ 27.8 ಮೀಟರ್. ಉತ್ತರ 7.4 ಕಿಲೋವ್ಯಾಟ್, ಅಂದ್ರೆ ಹತ್ತೇ ಹಾರ್ಸ್‌ಪವರ್. ಟೈರು, ಚೈನ್‌ನ ನಷ್ಟ ಸೇರಿಸಿದರೂ ಹನ್ನೆರಡರ ಆಸುಪಾಸು. 120ಕ್ಕೆ ಹೋದರೆ ಗಾಳಿಯೊಂದೇ 17 ಕೇಳುತ್ತೆ. ವೇಗ ಏರೋದು 20 ಪರ್ಸೆಂಟ್, ಪವರ್ ಏರೋದು 73 ಪರ್ಸೆಂಟ್.

ಅಂದ್ರೆ 90-100ರಲ್ಲಿ ಊರಿಗೆ ಹೋಗೋಕೆ 24 ಸಾಕು. ಹಿಂದೆ ಒಬ್ಬ, ಎರಡು ಬ್ಯಾಗು, ಎದುರುಗಾಳಿ, ಮುಂದೆ ಹತ್ತಿ ತುಂಬಿದ ಲಾರಿ ಇದ್ದಾಗ ಸ್ವಲ್ಪ ಹೆಚ್ಚಿಗೆ ಬೇಕು. 40 ಇದ್ದರೆ ಧಾರಾಳ. ಇನ್ನು ಟಾರ್ಕ್. ಹಿಮಾಲಯನ್ 32 ನ್ಯೂಟನ್ ಮೀಟರನ್ನು 4000-4500 ಆರ್‌ಪಿಎಂನಲ್ಲೇ ಕೊಡುತ್ತೆ. ಡಾಮಿನಾರ್ 35 ಕೊಟ್ಟರೂ ಅದಕ್ಕೆ 7000ದ ಹತ್ತಿರ ಹೋಗಬೇಕು, ಓವರ್‌ಟೇಕ್‌ಗೆ ಗೇರ್ ಇಳಿಸಲೇಬೇಕು. ಶಹಾಪುರದ ನಮ್ಮ ಮಿಸ್ತ್ರಿ ಕಾಕಾ ಟಾರ್ಕ್ ಅನ್ನೋದಿಲ್ಲ, "ಗಾಡಿ ಕೆಳಗಿಂದ ಜಗ್ತದ" ಅಂತಾರೆ. ನಮ್ಮ ಟೆಕ್ಸ್ಟ್‌ಬುಕ್‌ಗಿಂತ ಚೆನ್ನಾಗಿದೆ.

ಇಷ್ಟೆಲ್ಲ ಲೆಕ್ಕ ಹಾಕಿಯೂ ನಾವು ಮನಸ್ಸು ಕೊಟ್ಟಿದ್ದು ಮಾತ್ರ 650ಗೇ. ಯಾದಗಿರಿಯಲ್ಲಿ ಒಬ್ಬರು ಮಾರ್ತಿದ್ದರು. ತೆಲಂಗಾಣದ ಟಿಎಸ್ ನಂಬರ್, ಕೇಳಿದ್ದು ಒಂದು ಲಕ್ಷ ನಲವತ್ತು ಸಾವಿರ. ಸುರಪುರದವನು ಅವತ್ತೇ 20 ಸಾವಿರ ಅಡ್ವಾನ್ಸ್ ಜೇಬಲ್ಲಿಟ್ಟುಕೊಂಡು ಬಂದಿದ್ದ. ಬೆಳಿಗ್ಗೆ ಏಳಕ್ಕೆ ಹೋದ್ವಿ. ಕಾಕಾ ಕೀ ಕೇಳಲಿಲ್ಲ, ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟರು. ಬಿಸಿ ಇತ್ತು. "ತಮ್ಮಾ, ನಾವು ಬರೂಕಿಂತ ಮುಂಚೆ ಯಾಕ ಕಾಸಿಟ್ಟಾನ?" ಅಂತ ನಮ್ಮ ಕಿವಿಯಲ್ಲಿ ಅಂದರು. ತಣ್ಣಗಿರುವ ಎಂಜಿನ್ ಶುರುವಾಗುವಾಗ ಬರುವ ಸದ್ದು, ಹೊಗೆಯ ಬಣ್ಣ, ಎಷ್ಟು ಸಲ ಸೆಲ್ಫ್ ಒತ್ತಬೇಕು ಅನ್ನೋದು, ಬಿಸಿಯಾದ ಮೇಲೆ ಇವು ಯಾವುವೂ ತಿಳಿಯೋದಿಲ್ಲ.

ಆಮೇಲೆ ಆರ್‌ಸಿ ನೋಡಿದ್ವಿ. ಹೈಪೊಥಿಕೇಶನ್ ಅಂತ ಒಂದು ಸಾಲು, ಅಂದ್ರೆ ಗಾಡಿ ಇನ್ನೂ ಸಾಲದ ಮೇಲಿದೆ. "ಎರಡೇ ಕಂತು ಬಾಕಿ, ನಾನ್ ಕಟ್ತೀನಿ" ಅಂದರು ಮಾಲೀಕರು. ಸಾಲ ಕೊಟ್ಟವರ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬಾರದೆ ಆ ಸಾಲು ಅಳಿಸೋದಿಲ್ಲ. ಕಂತು ನಿಂತರೆ ಗಾಡಿ ಹುಡುಕಿಕೊಂಡು ನಮ್ಮ ಮನೆಗೇ ಬರ್ತಾರೆ. ಹೊರರಾಜ್ಯದ ನಂಬರ್ ಆದ್ದರಿಂದ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಕೆಎ 33 ನಂಬರ್ ಮಾಡಿಸಬೇಕು. ಅಗ್ಗ ಯಾಕಿತ್ತು ಅಂತ ಆಗ ಹೊಳೀತು. ಅಡ್ವಾನ್ಸ್ ಕೊಡಲಿಲ್ಲ. ಸುರಪುರದವನು ಎರಡು ದಿನ ನಮ್ಮಿಬ್ಬರ ಜೊತೆ ಮಾತಾಡಲಿಲ್ಲ.

ಮೂರನೇ ದಿನ ಶಹಾಪುರದಲ್ಲೇ 2020ರ ಡಾಮಿನಾರ್ ಸಿಕ್ತು. ವರ್ಗಾವಣೆ ಆಗಿದ್ದ ಬ್ಯಾಂಕ್ ನೌಕರರೊಬ್ಬರದ್ದು, ಕೆಎ 33, ಸಾಲ ತೀರಿತ್ತು, 31 ಸಾವಿರ ಕಿ.ಮೀ. ಓಡಿತ್ತು. ಈ ಸಲ ಎಂಜಿನ್ ತಣ್ಣಗಿತ್ತು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದ್ವಿ. ನಡುವೆ ಎಲ್ಲಾದರೂ 'ಟಕ್' ಅಂತ ಹಿಡಿದರೆ ಗುಂಡಿಗೆ ಬಿದ್ದು ಬಿದ್ದು ಬೇರಿಂಗ್ ಸವೆದಿದೆ ಅಂತ ಅರ್ಥ. ಹಿಡೀಲಿಲ್ಲ. ಫೋರ್ಕ್ ಮೇಲೆ ಎಣ್ಣೆಯ ಉಂಗುರ ಇರಲಿಲ್ಲ. ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನ್ ಹಿಡಿದು ಎಳೆದಾಗ ಮಾತ್ರ ಅರ್ಧ ಹಲ್ಲು ಹೊರಗೆ ಕಾಣಿಸ್ತು, ಅಂದ್ರೆ ಚೈನ್ ಮುಗಿದಿದೆ. ಹಿಂದಿನ ಟೈರ್ ಮೇಲೆ 0920 ಅಂತ ನಾಲ್ಕು ಅಂಕಿ: 2020ರ ಒಂಬತ್ತನೇ ವಾರದ್ದು. ನೋಡೋಕೆ ಗುಂಡಿ ಆಳ ಇದ್ದರೂ ರಬ್ಬರ್ ಗಟ್ಟಿಯಾಗಿತ್ತು. ಇವೆರಡನ್ನು ತೋರಿಸಿ 1.35 ಲಕ್ಷದಿಂದ 1.22ಕ್ಕೆ ಇಳಿಸಿದ್ವಿ.

ಕಾಕಾ ಕೂಲೆಂಟ್ ಬಣ್ಣ ನೋಡಿ, ಗಾಡಿ ಚಾಲೂ ಇಟ್ಟು ಚಹಾ ಕುಡಿಯೋಕೆ ಕೂತರು. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗೋವರೆಗೆ ಎದ್ದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತೆ, ಆ ಫ್ಯಾನ್ ಕೆಟ್ಟಿದ್ದರೆ 40 ಹಾರ್ಸ್‌ಪವರ್ ಏನೂ ಪ್ರಯೋಜನ ಇಲ್ಲ. ಇನ್ನೊಂದು ಕಾರಣ ಬಳ್ಳಾರಿ ಜಾಲಿಯ ಮುಳ್ಳು. ಕಡ್ಡಿ ಚಕ್ರದ ಹಿಮಾಲಯನ್ 411ರಲ್ಲಿ ಟ್ಯೂಬ್ ಇರುತ್ತೆ, ಪಂಕ್ಚರ್ ಆದರೆ ಚಕ್ರವನ್ನೇ ಬಿಚ್ಚಬೇಕು. ಡಾಮಿನಾರ್‌ದು ಟ್ಯೂಬ್‌ಲೆಸ್. ಎಬಿಎಸ್ ಬಗ್ಗೆಯೂ ಒಂದು ಮಾತು: 125 ಸಿಸಿ ಮೇಲ್ಪಟ್ಟ ಬೈಕುಗಳಿಗೆ ಅದು ಪೂರ್ತಿ ಕಡ್ಡಾಯವಾಗಿದ್ದು 2019ರ ಏಪ್ರಿಲ್ 1ರಿಂದ. ಅದಕ್ಕಿಂತ ಹಳೇದಾದರೆ ಇದೆಯಾ ಇಲ್ಲವಾ ಕೇಳಿ.

ಫಾರ್ಮ್ 29, 30 ಅವತ್ತೇ ಸಹಿ ಮಾಡಿಸಿದ್ವಿ. ಇನ್ಶೂರೆನ್ಸ್ ಹೆಸರು ಬದಲಿಸೋಕೆ 14 ದಿನದೊಳಗೆ ಅರ್ಜಿ ಹಾಕಬೇಕು. ಮಾರಿದವರೂ ನಮ್ಮಷ್ಟೇ ಅವಸರ ಮಾಡಿದರು. ಆಕ್ಸಿಡೆಂಟ್ ಆದರೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ. ಉಳಿದ 28 ಸಾವಿರದಲ್ಲಿ ಚೈನ್ ಸೆಟ್, ಎರಡು ಟೈರ್, ಬ್ರೇಕ್ ಪ್ಯಾಡ್, ಆಯಿಲ್, ಇನ್ಶೂರೆನ್ಸ್ ಆಯ್ತು. ಒಳ್ಳೆ ಹೆಲ್ಮೆಟ್‌ಗೆ ನಾವಿಬ್ಬರು ಕೈ ಹಾಕಿದ್ವಿ. ಪೂರ್ತಿ ಬಜೆಟ್ ಗಾಡಿಗೇ ಸುರಿದಿದ್ದರೆ ಹಳೇ ಚೈನ್ ಮೇಲೆ 500 ಕಿ.ಮೀ. ಹೊರಡಬೇಕಿತ್ತು.

ಸುರಪುರದಲ್ಲಿ ಅಪ್ಪ ಗಾಡಿಯನ್ನು ಎರಡು ಸುತ್ತು ಹಾಕಿ ನೋಡಿ, "ಲೀಟರಿಗೆ ಎಷ್ಟ್ ಕೊಡ್ತದ?" ಅಂದರು. "ಇಪ್ಪತ್ತೆಂಟು" ಅಂದ್ವಿ. ಮತ್ತೇನೂ ಮಾತಾಡದೆ ಒಳಗೆ ಹೋದರು, ಅವ್ವ ರೊಟ್ಟಿ ಕಟ್ಟಿಕೊಟ್ಟರು.

ಬೆಳಗಿನ ಐದಕ್ಕೆ ಹೊರಟು ತಿಂಥಣಿ ಬ್ರಿಡ್ಜ್ ದಾಟಿದಾಗ ಕೃಷ್ಣೆ ಇನ್ನೂ ಕತ್ತಲಲ್ಲಿತ್ತು. ಬಳ್ಳಾರಿಯಲ್ಲಿ ನಿಂತು ಚೈನ್ ಬಿಗಿ ಮಾಡಿದ್ವಿ, ಹೊಸ ಚೈನ್ ಮೊದಲ ಕೆಲವು ನೂರು ಕಿ.ಮೀ.ನಲ್ಲಿ ಸಡಿಲಾಗೇ ಆಗುತ್ತೆ. ಬೈಕ್ ಮೇಲೆ ಇಬ್ಬರಿಗಷ್ಟೇ ಜಾಗ. ಹಿಂದಿನ ರಾತ್ರಿ ಬಸ್ ಹತ್ತಿದ್ದ ಮೂರನೆಯವನು, ನಾವು ಸಂಜೆ ಹಾಸ್ಟೆಲ್ ಮುಟ್ಟೋ ಹೊತ್ತಿಗೆ ಕ್ಲಾಸ್ ಮುಗಿಸಿ, ನಮ್ಮಿಬ್ಬರ ಪ್ರಾಕ್ಸಿನೂ ಹೇಳಿ, ಹೊದ್ದು ಮಲಗಿದ್ದ.