ಟೆಕ್ಸಾಸ್ ಹೋಲ್ಡೆಮ್ ಪೋಕರ್: ಆಟದ ಕ್ರಮ, ಲೆಕ್ಕ, ಕಾನೂನು

ಇಸ್ಪೀಟಿನ ಆಟಗಳಲ್ಲಿ ರಮ್ಮಿ, ಅಂದರ್-ಬಾಹರ್ ಮತ್ತು ಮೂರೆಲೆಯ ತೀನ್ ಪತ್ತಿ ನಮ್ಮ ಭಾಗದವರಿಗೆ ಚಿರಪರಿಚಿತವಾದವು. ದೀಪಾವಳಿಯ ರಾತ್ರಿ ಅಂಗಡಿಯ ಲಕ್ಷ್ಮೀಪೂಜೆ ಮುಗಿದ ಬಳಿಕ ಎಲೆ ಹಿಡಿಯುವ ರೂಢಿ ಹಳೆಯದು. ಆದರೆ ಕಳೆದ ಒಂದೆರಡು ದಶಕಗಳಲ್ಲಿ ಮೊಬೈಲ್ ಫೋನಿನ ಮೂಲಕ ಮನೆ ಮನೆಗೆ ಬಂದ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಟದ ಹೆಸರು ಕೇಳಿದವರು ಬಹಳ, ಅದರ ನಿಯಮವನ್ನೂ ಲೆಕ್ಕವನ್ನೂ ಬಲ್ಲವರು ಕಡಿಮೆ. ಅಮೆರಿಕದ ಟೆಕ್ಸಾಸ್ ರಾಜ್ಯದ ರಾಬ್ಸ್‌ಟೌನ್ ಎಂಬ ಸಣ್ಣ ಪಟ್ಟಣವೇ ಇದರ ಜನ್ಮಸ್ಥಳವೆಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ಮಾನ್ಯ ಮಾಡಿದೆ. ಲಾಸ್ ವೇಗಾಸ್‌ನಲ್ಲಿ 1970ರಲ್ಲಿ ಆರಂಭವಾದ ವಿಶ್ವ ಪೋಕರ್ ಸರಣಿಯ ಮುಖ್ಯ ಸ್ಪರ್ಧೆಯನ್ನು 1971ರಿಂದ ಇದೇ ಆಟದಲ್ಲಿ ನಡೆಸಲಾಗುತ್ತಿದೆ.

ವಾಣಿಜ್ಯ ಪತ್ರಿಕೆಯಲ್ಲಿ ಇಸ್ಪೀಟಿನ ಪಾಠವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಈ ಆಟದ ಪ್ರತಿಯೊಂದು ಸರದಿಯೂ ಒಂದು ಬೆಲೆಯ ಪ್ರಶ್ನೆಯಾಗಿದೆ: ಎದುರಿಗಿರುವ ಅವಕಾಶಕ್ಕೆ ಕೇಳಿದ ಬೆಲೆ ತಕ್ಕದ್ದೇ, ಅಲ್ಲವೇ? ಮಾರುಕಟ್ಟೆ ಪ್ರಾಂಗಣದಲ್ಲಿ ಇತರರ ಟೆಂಡರ್ ಕಾಣದೆ ತೊಗರಿಗೆ ದರ ಬರೆಯುವ ಖರೀದಿದಾರನಿಗೆ ಈ ಪ್ರಶ್ನೆ ಹೊಸದಲ್ಲ. ಹಣವಿಲ್ಲದೆ ಕಲಿಯಲು ನಮ್ಮಲ್ಲಿ ತೊಗರಿಕಾಳಿಗೆ ಕೊರತೆಯಿಲ್ಲ. ಆದುದರಿಂದ ಈ ಲೇಖನದ ಉದಾಹರಣೆಗಳೆಲ್ಲವೂ ಕಾಳಿನ ಲೆಕ್ಕದಲ್ಲಿವೆ. ಆರು ಜನ ಕುಳಿತು, ಪ್ರತಿಯೊಬ್ಬರೂ 200 ಕಾಳು ಎಣಿಸಿಕೊಂಡರೆ ಆಟಕ್ಕೆ ಬೇಕಾದ ಬಂಡವಾಳ ಸಿದ್ಧವಾಯಿತು.

ಎಲೆಗಳ ತಾರತಮ್ಯ

ಜೋಕರ್ ತೆಗೆದ 52 ಎಲೆಗಳ ಕಟ್ಟು ಸಾಕು. ಎಕ್ಕ ಎಲ್ಲಕ್ಕಿಂತ ದೊಡ್ಡದು; ಅನಂತರ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಎರಡರವರೆಗೆ. ಇಸ್ಪೀಟು, ಆಠೀನು, ಡೈಮಂಡು, ಕಳಾವರ ಎಂಬ ನಾಲ್ಕು ರಂಗುಗಳಲ್ಲಿ ಹೆಚ್ಚು ಕಡಿಮೆ ಇಲ್ಲ. ಇಬ್ಬರ ಕೈ ಸಮವಾದರೆ ಮಧ್ಯದ ರಾಶಿಯನ್ನು ಸಮನಾಗಿ ಹಂಚಿಕೊಳ್ಳಬೇಕೇ ಹೊರತು ರಂಗು ನೋಡಿ ತೀರ್ಪು ಕೊಡುವಂತಿಲ್ಲ.

ಗೆಲುವನ್ನು ನಿರ್ಣಯಿಸುವುದು ಐದು ಎಲೆಗಳ ಕೈ. 52 ಎಲೆಗಳಿಂದ ಐದೆಲೆಯ ಕೈಗಳು ಒಟ್ಟು 25,98,960 ಬಗೆಯಲ್ಲಿ ಆಗಬಲ್ಲವು. ಯಾವುದು ವಿರಳವೋ ಅದು ಮೇಲು. ಒಂದೇ ರಂಗಿನ ಅನುಕ್ರಮ (ಸ್ಟ್ರೇಟ್ ಫ್ಲಶ್) ಕೇವಲ 40 ಬಗೆ. ಒಂದೇ ಅಂಕೆಯ ನಾಲ್ಕು ಎಲೆ 624. ಮೂರು ಒಂದು ಅಂಕೆ ಹಾಗೂ ಎರಡು ಇನ್ನೊಂದು ಅಂಕೆ ಕೂಡಿದ ಫುಲ್ ಹೌಸ್ 3,744. ಐದೂ ಒಂದೇ ರಂಗಾದ ಫ್ಲಶ್ 5,108. ಬೇರೆ ಬೇರೆ ರಂಗಿನ ಅನುಕ್ರಮವಾದ ಸ್ಟ್ರೇಟ್ 10,200. ಒಂದೇ ಅಂಕೆಯ ಮೂರು 54,912. ಎರಡು ಜೋಡಿ 1,23,552. ಒಂದು ಜೋಡಿ 10,98,240. ಉಳಿದವುಗಳಲ್ಲಿ ದೊಡ್ಡ ಎಲೆ ಇದ್ದವನದೇ ಗೆಲುವು.

ತೀನ್ ಪತ್ತಿ ಆಡಿ ಬಲ್ಲವರು ಎಡವುವುದು ಇಲ್ಲಿಯೇ. ಮೂರೆಲೆಯ ಆಟದಲ್ಲಿ ಸೀಕ್ವೆನ್ಸ್ ಮೇಲು, ಕಲರ್ ಕೆಳಗೆ. ಹೋಲ್ಡೆಮ್‌ನಲ್ಲಿ ಇದು ತಿರುಗುಮುರುಗು: ರಂಗು ಮೇಲು, ಅನುಕ್ರಮ ಕೆಳಗೆ. ಇದು ಯಾರದೋ ಇಚ್ಛೆಯಿಂದ ಆದುದಲ್ಲ, ಎಣಿಕೆಯಿಂದ ಆದುದು. ಮೂರೆಲೆಯ 22,100 ಕೈಗಳಲ್ಲಿ ಸೀಕ್ವೆನ್ಸ್ 720, ಕಲರ್ 1,096. ಐದೆಲೆಗೆ ಬಂದಾಗ ಒಂದೇ ರಂಗು ಕೂಡುವುದು ಅನುಕ್ರಮಕ್ಕಿಂತ ಕಷ್ಟವಾಗುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ತೀನ್ ಪತ್ತಿಯಲ್ಲಿ ಎಲ್ಲಕ್ಕಿಂತ ಮೇಲಿನದೆನಿಸಿದ ಟ್ರೇಲ್ 52 ಬಗೆ, ಅದರ ಕೆಳಗಿನ ಪ್ಯೂರ್ ಸೀಕ್ವೆನ್ಸ್ 48 ಬಗೆ. ಎಣಿಕೆಯ ನ್ಯಾಯದಂತೆ ಅವೆರಡೂ ಸ್ಥಾನ ಬದಲಿಸಬೇಕಿತ್ತು. ರೂಢಿ ಅದನ್ನು ಒಪ್ಪಿಲ್ಲ.

ಎಕ್ಕವನ್ನು ಅನುಕ್ರಮದ ಮೇಲ್ತುದಿಯಲ್ಲಿಯೂ (ಹತ್ತರಿಂದ ಎಕ್ಕ), ಕೆಳತುದಿಯಲ್ಲಿಯೂ (ಎಕ್ಕದಿಂದ ಐದು) ಬಳಸಬಹುದು. ರಾಜ, ಎಕ್ಕ, ಎರಡು ಎಂದು ಸುತ್ತಿಕೊಂಡು ಹೋಗುವಂತಿಲ್ಲ.

ಎಲೆ ಹಂಚುವ ಕ್ರಮ

ಹಂಚುವವನ ಸ್ಥಾನವನ್ನು ಸೂಚಿಸಲು ಒಂದು ಗುಂಡು ಬಿಲ್ಲೆ ಇಡುತ್ತಾರೆ. ಅದಕ್ಕೆ ಬಟನ್ ಎಂದು ಹೆಸರು. ನಮ್ಮಲ್ಲಿ ಶಹಾಬಾದ್ ಕಲ್ಲಿನ ಒಂದು ಚೂರು ಆ ಕೆಲಸಕ್ಕೆ ಸಾಕು. ಪ್ರತಿ ಆಟದ ನಂತರ ಅದು ಎಡಕ್ಕೆ ಒಂದು ಸ್ಥಾನ ಸರಿಯುತ್ತದೆ. ಬಟನ್‌ನ ಎಡಗಡೆಯವನು ಎಲೆ ನೋಡುವ ಮೊದಲೇ 1 ಕಾಳು (ಸ್ಮಾಲ್ ಬ್ಲೈಂಡ್), ಅವನ ಎಡಗಡೆಯವನು 2 ಕಾಳು (ಬಿಗ್ ಬ್ಲೈಂಡ್) ಇಡಬೇಕು. ತೀನ್ ಪತ್ತಿಯಲ್ಲಿ ಎಲ್ಲರೂ ಬೂಟ್ ಇಡುತ್ತಾರೆ, ಇಲ್ಲಿ ಇಬ್ಬರೇ.

ಪ್ರತಿಯೊಬ್ಬನಿಗೂ ಎರಡೆರಡು ಎಲೆ ಮುಚ್ಚಿ ಹಂಚಲಾಗುತ್ತದೆ. ಇವು ಅವನವು ಮಾತ್ರ. ಮೊದಲ ಸುತ್ತಿನ ಪಣ ಬಿಗ್ ಬ್ಲೈಂಡ್‌ನ ಎಡಗಡೆಯವನಿಂದ ಆರಂಭವಾಗುತ್ತದೆ. ಅವನು ಎಲೆ ಬಿಡಬಹುದು, 2 ಕಾಳು ಇಟ್ಟು ಸಮ ಮಾಡಬಹುದು, ಇಲ್ಲವೇ ಏರಿಸಬಹುದು. ಏರಿಕೆಯು ಹಿಂದಿನ ಏರಿಕೆಗಿಂತ ಕಡಿಮೆ ಇರಕೂಡದು. ಉಳಿದವರೆಲ್ಲರ ಪಣ ಸಮವಾದ ಮೇಲೆ ಹಂಚುವವನು ಒಂದು ಎಲೆಯನ್ನು ಮುಚ್ಚಿಯೇ ಬದಿಗಿರಿಸಿ, ಮೂರು ಎಲೆಗಳನ್ನು ಮಧ್ಯದಲ್ಲಿ ತೆರೆದಿಡುತ್ತಾನೆ. ಇದು ಫ್ಲಾಪ್. ಮತ್ತೆ ಪಣದ ಸುತ್ತು, ಈ ಸಲ ಬಟನ್‌ನ ಎಡಗಡೆ ಉಳಿದಿರುವ ಮೊದಲನೆಯವನಿಂದ. ಯಾರೂ ಪಣ ಹೂಡಿರದಿದ್ದರೆ ಏನೂ ಇಡದೆ ಸರದಿ ದಾಟಿಸಬಹುದು. ಇದೇ ರೀತಿ ನಾಲ್ಕನೆಯ ಎಲೆ (ಟರ್ನ್), ಪಣ. ಐದನೆಯ ಎಲೆ (ರಿವರ್), ಕೊನೆಯ ಪಣ. ಅನಂತರ ಉಳಿದವರು ಎಲೆ ತೋರಿಸುತ್ತಾರೆ.

ಮಧ್ಯದ ಐದು ಎಲೆಗಳು ಎಲ್ಲರಿಗೂ ಸಾಮಾನ್ಯ. ತನ್ನ ಎರಡು ಹಾಗೂ ಸಾಮಾನ್ಯದ ಐದು, ಒಟ್ಟು ಏಳರಲ್ಲಿ ಉತ್ತಮವಾದ ಐದನ್ನು ಆಟಗಾರ ಆರಿಸಿಕೊಳ್ಳಬಹುದು. ತನ್ನವು ಎರಡನ್ನೂ ಬಳಸಬಹುದು, ಒಂದನ್ನೇ ಬಳಸಬಹುದು, ಒಂದನ್ನೂ ಬಳಸದಿರಬಹುದು. ಇದರ ಸೋದರ ಆಟವಾದ ಓಮಾಹಾದಲ್ಲಿ ಕೈಗೆ ನಾಲ್ಕು ಎಲೆ. ಅಲ್ಲಿ ಕೈಯಿಂದ ಎರಡು, ಮಧ್ಯದಿಂದ ಮೂರು ಎಂಬುದು ಕಡ್ಡಾಯ. ಇವೆರಡರ ನಿಯಮ ಬೆರೆಸಿಕೊಂಡು ಜಗಳವಾಡುವುದು ಹೊಸಬರ ಕೂಟಗಳಲ್ಲಿ ಸಾಮಾನ್ಯ.

ಒಬ್ಬನ ಬಳಿ ಪೂರ್ತಿ ಪಣಕ್ಕೆ ಸಾಲುವಷ್ಟು ಕಾಳಿಲ್ಲದಿದ್ದರೆ ಇದ್ದುದನ್ನೆಲ್ಲ ಇಟ್ಟು ಕೊನೆಯವರೆಗೆ ಉಳಿಯಬಹುದು. ಆದರೆ ಅವನು ಪ್ರತಿಯೊಬ್ಬನಿಂದಲೂ ತಾನು ಇಟ್ಟಷ್ಟನ್ನೇ ಗೆಲ್ಲಬಲ್ಲ; ಹೆಚ್ಚಿನದು ಬೇರೆ ರಾಶಿಯಾಗಿ ಉಳಿದವರ ನಡುವೆ ನಿರ್ಣಯವಾಗುತ್ತದೆ.

ಬೆಲೆಯ ಲೆಕ್ಕ

ಇಲ್ಲಿಯವರೆಗಿನದು ಅರ್ಧ ಗಂಟೆಯಲ್ಲಿ ಕಲಿಯತಕ್ಕದ್ದು. ಆಟ ಆರಂಭವಾಗುವುದು ಇನ್ನು ಮೇಲೆ. ಒಂದು ಕೈಯನ್ನು ಎಣಿಸಿ ನೋಡೋಣ.

ನೀವು ಬಟನ್ ಸ್ಥಾನದಲ್ಲಿದ್ದೀರಿ. ನಿಮ್ಮ ಕೈಯಲ್ಲಿ ಆಠೀನಿನ ಎಕ್ಕ ಮತ್ತು ಒಂಬತ್ತು. ಮುಂದಿನವನೊಬ್ಬ 6 ಕಾಳಿಗೆ ಏರಿಸಿದ, ನೀವು 6 ಇಟ್ಟಿರಿ. ಸ್ಮಾಲ್ ಬ್ಲೈಂಡ್ ತನ್ನ 1 ಬಿಟ್ಟು ಹೊರಟ, ಬಿಗ್ ಬ್ಲೈಂಡ್ ಇನ್ನು 4 ಸೇರಿಸಿ ಸಮ ಮಾಡಿದ. ಮಧ್ಯದ ರಾಶಿ 19. ಫ್ಲಾಪ್‌ನಲ್ಲಿ ಬಂದದ್ದು ಆಠೀನಿನ ರಾಜ, ಆಠೀನಿನ ಏಳು, ಕಳಾವರದ ನಾಲ್ಕು. ಏರಿಸಿದವನು 6 ಇಟ್ಟ, ನೀವೂ 6 ಇಟ್ಟಿರಿ, ಬಿಗ್ ಬ್ಲೈಂಡ್ ಎಲೆ ಬಿಟ್ಟ. ರಾಶಿ 31. ಟರ್ನ್‌ನಲ್ಲಿ ಡೈಮಂಡಿನ ಎರಡು ಬಂತು. ನಿಮ್ಮ ಬಳಿ ಆಠೀನು ನಾಲ್ಕಿವೆ, ಐದನೆಯದು ಬಂದರೆ ಫ್ಲಶ್.

ನೀವು ಕಾಣದ ಎಲೆಗಳು 46. ಅವುಗಳಲ್ಲಿ ಆಠೀನು 9. ಆದುದರಿಂದ ಗೆಲ್ಲುವ ಎಲೆ ಬರುವ ಸಂಭವ 46ಕ್ಕೆ 9, ಅಂದರೆ ಶೇ. 19.6.

ಎದುರಾಳಿ 8 ಕಾಳು ಇಟ್ಟನೆನ್ನಿ. ರಾಶಿ 39 ಆಯಿತು. ನೀವು 8 ಇಟ್ಟರೆ 47. ನೀವು ಕೊಡುವ ಬೆಲೆ 47ರಲ್ಲಿ 8, ಅಂದರೆ ಶೇ. 17. ಸಂಭವ ಬೆಲೆಗಿಂತ ಹೆಚ್ಚು, ಇಡುವುದು ಸರಿ. ಅದೇ ಎದುರಾಳಿ 24 ಇಟ್ಟರೆ ರಾಶಿ 55, ನಿಮ್ಮದು ಸೇರಿ 79; ಬೆಲೆ ಶೇ. 30.4. ಎದುರಾಳಿಯ ಬಳಿ ರಾಜನ ಜೋಡಿ ಮಾತ್ರ ಇದ್ದು, ನಿಮಗೆ ಎಕ್ಕ ಬಂದರೂ ಗೆಲುವು ಎಂದು ಉಳಿದ ಮೂರು ಎಕ್ಕಗಳನ್ನು ಸೇರಿಸಿಕೊಂಡರೂ ಸಂಭವ 46ಕ್ಕೆ 12, ಶೇ. 26.1. ಎಲೆ ಬಿಡಬೇಕು. ಫ್ಲಶ್ ಆದ ಮೇಲೆ ಕೊನೆಯ ಸುತ್ತಿನಲ್ಲಿ ಅವನಿಂದ ಇನ್ನೂ ಸುಮಾರು 44 ಕಾಳು ಖಂಡಿತ ಬರುವುದೆಂಬ ಭರವಸೆ ಇದ್ದರೆ ಮಾತ್ರ, ಒಂಬತ್ತು ಎಲೆಗಳ ಲೆಕ್ಕದಲ್ಲಿ 24 ಇಡುವುದು ಸಮಕ್ಕೆ ಬರುತ್ತದೆ. ಮಧ್ಯದಲ್ಲಿ ಮೂರನೆಯ ಆಠೀನು ಕಂಡ ಮೇಲೂ ಅಷ್ಟು ಕೊಡುವ ಎದುರಾಳಿ ಅಪರೂಪ.

ಕಾಗದ ಪೆನ್ಸಿಲ್ ಇಲ್ಲದವರಿಗೆ ಒಂದು ಸುಲಭ ಸೂತ್ರವಿದೆ. ನಿಮಗೆ ಒದಗುವ ಎಲೆಗಳ ಸಂಖ್ಯೆಯನ್ನು ಒಂದು ಎಲೆ ಬಾಕಿ ಇದ್ದಾಗ 2ರಿಂದ, ಎರಡು ಬಾಕಿ ಇದ್ದಾಗ 4ರಿಂದ ಗುಣಿಸಿದರೆ ಶೇಕಡಾವಾರು ಸಂಭವ ಸ್ಥೂಲವಾಗಿ ದೊರೆಯುತ್ತದೆ. ಒಂಬತ್ತು ಎಲೆಗೆ 18 ಮತ್ತು 36. ನಿಖರ ಲೆಕ್ಕ 19.6 ಮತ್ತು 35.

ಈ ಲೆಕ್ಕದಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈಗಾಗಲೇ ನೀವು ಇಟ್ಟ 12 ಕಾಳು ಎಲ್ಲಿಯೂ ಪ್ರತ್ಯೇಕವಾಗಿ ಬರಲಿಲ್ಲ. ಅವು ರಾಶಿಗೆ ಸೇರಿದವು, ನಿಮ್ಮವಲ್ಲ. "ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ" ಎಂಬ ಮಾತಿನಿಂದಲೇ ಹೆಚ್ಚಿನ ಕಾಳು ಕೈ ಬಿಡುತ್ತದೆ. ತೊಗರಿ ವ್ಯಾಪಾರಿಗಳಿಗೆ ಇದರ ಅನುಭವ ಬೇರೆ ರೂಪದಲ್ಲಿ ಆಗಿದೆ. 2015ರಲ್ಲಿ ಕಲಬುರಗಿ ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ 10,000 ರೂಪಾಯಿ ದಾಟಿದ್ದ ತೊಗರಿ, 2017ರ ಆರಂಭದಲ್ಲಿ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಇಳಿಯುವ ದಾರಿಯಲ್ಲಿ ಕೊಂಡ ದರವನ್ನೇ ನೆನೆದು ಮಾಲು ಹಿಡಿದವನಿಗೂ, ಆ ದಿನದ ದರವನ್ನು ನೋಡಿ ಮಾರಿದವನಿಗೂ ಇದ್ದ ಅಂತರವೇ ಇಲ್ಲಿಯೂ ಇದೆ.

ಎಲೆ ಬಿಡುವುದು ಮೊದಲ ಸುತ್ತಿನಲ್ಲಿಯೇ ಅಭ್ಯಾಸವಾಗಬೇಕು. ಕೈಗೆ ಜೋಡಿ ಬರುವುದು 17 ಸಲಕ್ಕೆ ಒಮ್ಮೆ, ಎರಡು ಎಕ್ಕ ಬರುವುದು 221 ಸಲಕ್ಕೆ ಒಮ್ಮೆ. ಆರು ಜನರ ಕೂಟದಲ್ಲಿ ಬಂದ ಕೈಗಳಲ್ಲಿ ಬಹುಪಾಲನ್ನು ಬಿಟ್ಟು ಕೂರುವವನನ್ನು ಅಂಜುಬುರುಕನೆನ್ನಲಾಗದು. ಕೊನೆಗೆ ಮಾತಾಡುವ ಬಟನ್ ಸ್ಥಾನದಲ್ಲಿ ಸ್ವಲ್ಪ ಸಡಿಲವಾಗಿ ಆಡಬಹುದು, ಏಕೆಂದರೆ ಉಳಿದವರ ನಿಲುವು ಆಗಲೇ ಗೊತ್ತಾಗಿರುತ್ತದೆ. ಹುಸಿ ಪಣಕ್ಕೂ ಬೆಲೆಯಿದೆ: ರಾಶಿ 40 ಇರುವಾಗ ಏನೂ ಇಲ್ಲದ ಕೈಯಿಂದ 20 ಇಟ್ಟರೆ, ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಎದುರಾಳಿ ಎಲೆ ಬಿಟ್ಟಾಗ ಮಾತ್ರ ಲಾಭ.

ಮನೆಯವರ ಕಮಿಷನ್ ಮತ್ತು ಕಾನೂನು

ಕಾಳಿನ ಕೂಟದಲ್ಲಿ ಒಬ್ಬನ ನಷ್ಟ ಇನ್ನೊಬ್ಬನ ಲಾಭ, ಒಟ್ಟು ಬದಲಾಗುವುದಿಲ್ಲ. ಕೂಟ ನಡೆಸುವವನು ಪ್ರತಿ ರಾಶಿಯಿಂದ ಶೇ. 5 ತೆಗೆದುಕೊಂಡರೆ ಏನಾಗುತ್ತದೆಂದು ನೋಡಿ. ಸರಾಸರಿ ರಾಶಿ 30, ಗಂಟೆಗೆ 25 ಆಟ ಎಂದಿಟ್ಟುಕೊಂಡರೆ ಗಂಟೆಗೆ 37.5 ಕಾಳು, ನಾಲ್ಕು ಗಂಟೆಗೆ 150. ಆರು ಜನರ 1,200 ಕಾಳಿನಲ್ಲಿ ಎಂಟನೆಯ ಒಂದು ಭಾಗ, ಯಾರೂ ತಪ್ಪಾಡದೆಯೇ, ಮೇಜಿನಿಂದ ಹೊರಗೆ ಹೋಯಿತು. ಈ ಬಾಬತ್ತನ್ನು ಮೀರಿ ಗೆಲ್ಲುವ ಕೌಶಲ್ಯ ತಮಗಿದೆಯೇ ಎಂಬುದನ್ನು ಪ್ರತಿಯೊಬ್ಬರೂ ಖಾತೆ ಬರೆದು ನೋಡಬೇಕು.

ಕಾನೂನಿನಲ್ಲಿಯೂ ಈ ಕಮಿಷನ್ ಮುಖ್ಯವಾದ ಅಂಶ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ, ಸ್ಥಳಕ್ಕೆ ಅಥವಾ ಸಲಕರಣೆಗೆ ಹಣ ಪಡೆದು ಲಾಭ ಮಾಡಿಕೊಳ್ಳುವ ಜೂಜಿನ ಮನೆ ದಂಡನೀಯ. ಶುದ್ಧ ಕೌಶಲ್ಯದ ಆಟಕ್ಕೆ 176ನೆಯ ಕಲಮಿನಲ್ಲಿ ರಿಯಾಯಿತಿ ಇದೆ. ಪೋಕರ್ ಅನ್ನು ಕೌಶಲ್ಯದ ಆಟವಾಗಿ ಆಡಿದಲ್ಲಿ ಪರವಾನಗಿ ಅಗತ್ಯವಿಲ್ಲವೆಂಬ ನಿಲುವನ್ನು ಕರ್ನಾಟಕ ಉಚ್ಚ ನ್ಯಾಯಾಲಯ ಭಾರತೀಯ ಪೋಕರ್ ಸಂಘದ ಅರ್ಜಿಯಲ್ಲಿ 2013ರ ಅಕ್ಟೋಬರ್‌ನಲ್ಲಿ ತಳೆಯಿತು. ಗುಜರಾತ್ ಉಚ್ಚ ನ್ಯಾಯಾಲಯ 2017ರಲ್ಲಿ ಇದಕ್ಕೆ ವಿರುದ್ಧವಾಗಿ ಪೋಕರ್ ಅದೃಷ್ಟದ ಆಟವೆಂದಿತು. ನಮ್ಮ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಆನ್‌ಲೈನ್ ಕೌಶಲ್ಯದ ಆಟಗಳಿಗೆ ಸಂಬಂಧಿಸಿದ ಭಾಗಗಳನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರುವರಿ 14ರಂದು ರದ್ದುಗೊಳಿಸಿತು. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲ್ಯವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಆನ್‌ಲೈನ್ ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಿದೆ. ಅದರ ಜಾಹೀರಾತು ಮತ್ತು ಹಣ ವರ್ಗಾವಣೆಗೆ ನೆರವಾಗುವುದೂ ಅಪರಾಧ. ಕೇವಲ ಆಡಿದವನಿಗೆ ಶಿಕ್ಷೆಯಿಲ್ಲ.

ಸೇಡಂ ತಾಲ್ಲೂಕಿನ ಮುಧೋಳದಂತಹ ಗಡಿ ಊರಿನವರಿಗೆ ಮತ್ತೊಂದು ತೊಡಕಿದೆ. ವ್ಯಾಪಾರಕ್ಕಾಗಿ ತಾಂಡೂರಿಗೋ ಕೊಡಂಗಲ್ಲಿಗೋ ಹೋಗಿಬರುವವರು, ತೆಲಂಗಾಣವು 2017ರ ತಿದ್ದುಪಡಿಯಿಂದ ಹಣವಿಟ್ಟು ಆಡುವ ಕೌಶಲ್ಯದ ಆಟಗಳಿಗಿದ್ದ ರಿಯಾಯಿತಿಯನ್ನು ತೆಗೆದುಹಾಕಿದೆ ಎಂಬುದನ್ನು ಅರಿತಿರಬೇಕು. ಇಲ್ಲಿನ ನ್ಯಾಯಾಲಯದ ಆದೇಶ ಅಲ್ಲಿ ರಕ್ಷಣೆ ಕೊಡದು.

ತೆರಿಗೆಯ ವಿಷಯದಲ್ಲಿ, ಇಸ್ಪೀಟಿನ ಗೆಲುವಿಗೆ ಶೇ. 30ರ ದರ (ಸರ್ಚಾರ್ಜ್, ಸೆಸ್ ಬೇರೆ). ಬೇರೆ ದಿನದ ಸೋಲನ್ನಾಗಲಿ, ಖರ್ಚನ್ನಾಗಲಿ ಅದರಿಂದ ಕಳೆಯಲು ಬರುವುದಿಲ್ಲ, ಅಂಗಡಿಯ ಲಾಭದೊಡನೆ ಸೋಲನ್ನು ಹೊಂದಿಸುವಂತೆಯೂ ಇಲ್ಲ. ಮೇಜಿನ ಮೇಲೆ ಕೈಗಡವಾಗಿ ಬರೆದುಕೊಟ್ಟ ಚೀಟಿಯ ಗತಿಯನ್ನು 1872ರ ಕರಾರು ಕಾಯ್ದೆಯ 30ನೆಯ ಕಲಮು ನಿರ್ಧರಿಸಿದೆ: ಪಂದ್ಯದ ಕರಾರು ಶೂನ್ಯ, ಗೆದ್ದ ಹಣಕ್ಕಾಗಿ ದಾವೆ ನಡೆಯುವುದಿಲ್ಲ.