ಹುಲಿಯ ಪಕ್ಕೆಯನ್ನು ತೆಗೆಯಿರಿ

ಸಫಾರಿಗೆ ಹೋದವರು ಹೆಚ್ಚಾಗಿ ಹುಲಿಯ ಮುಖಕ್ಕೇ ಕ್ಯಾಮೆರಾ ಹಿಡಿಯುತ್ತಾರೆ. ಆದರೆ ಅದು ಯಾವ ಹುಲಿ ಎಂದು ಹೇಳುವುದು ಪಕ್ಕೆಯ ಪಟ್ಟೆ. ನಮ್ಮ ಬೆರಳಚ್ಚಿನಂತೆ ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡ ಬಲ ಪಕ್ಕೆಗಳೂ ಬೇರೆ ಬೇರೆ. ಎಡಪಕ್ಕೆಯ ಒಂದು, ಬಲಪಕ್ಕೆಯ ಒಂದು ಚಿತ್ರ ಬೇರೆ ಬೇರೆ ದಿನ ಸಿಕ್ಕರೆ ಅದು ಒಂದು ಹುಲಿಯೋ ಎರಡೋ ಹೇಳಲಾಗದು. ಕ್ಯಾಮೆರಾ ಟ್ರ್ಯಾಪ್‌ಗಳನ್ನು ದಾರಿಯ ಎರಡೂ ಬದಿಗೆ ಎದುರುಬದುರು ಇಡುವುದು ಅದಕ್ಕೇ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳ ಸಂಖ್ಯೆ ಅಂದಾಜು ಮಾಡಿದ್ದು ಇಂಥ ಚಿತ್ರಗಳಿಂದಲೇ.

ಮುಂಜಾನೆ ಕಾಡಿನಲ್ಲಿ ಬೆಳಕು ಕಡಿಮೆ. ಶಟರ್ ವೇಗ 1/500 ಸೆಕೆಂಡಿಗಿಟ್ಟು ಐಎಸ್‌ಒ ಏರಿಸಿ. ಚಿತ್ರ ಕಾಳುಕಾಳಾದರೂ ಪಟ್ಟೆ ಕಾಣುತ್ತದೆ. ಅಲುಗಿದ ಚಿತ್ರದಲ್ಲಿ ಅದೂ ಇಲ್ಲ. ಹತ್ತಿರ ಹೋಗಲು ಚಾಲಕನನ್ನು ಪೀಡಿಸಬೇಡಿ, ಎಂಜಿನ್ ನಿಲ್ಲಿಸಲು ಕೇಳಿ. ದಿನಾಂಕ, ಸ್ಥಳ ಬರೆದಿಡಿ.